ಒಬ್ಬ ಅಪ್ಪ, ಎರಡು ಕಾರ್ಖಾನೆ: ಹಿಂದೂಸ್ತಾನ್ ಶಿಪ್‌ಯಾರ್ಡಿಗೆ ಏನಾಯಿತು?

ವಿಶಾಖಪಟ್ಟಣದಲ್ಲಿ ಸಿಂಧಿಯಾ ಅಂತ ಒಂದು ಜಾಗ ಇದೆ. ಗ್ವಾಲಿಯರ್ ರಾಜಮನೆತನದ ಹೆಸರು ಆಂಧ್ರದ ಈ ಬಂದರಿಗೆ ಹೇಗೆ ಬಂತು ಅಂತ ಯಾರಿಗಾದರೂ ಅನ್ನಿಸಬಹುದು. ಅದಕ್ಕೆ ಕಾರಣ ಒಂದು ಹಡಗು.

ಮೊದಲನೇ ಮಹಾಯುದ್ಧ ಮುಗಿದ ಹೊಸತು. ಗ್ವಾಲಿಯರ್ ಮಹಾರಾಜರ ಹತ್ತಿರ 'ಲಾಯಲ್ಟಿ' ಅನ್ನುವ ಹಳೇ ಹಡಗೊಂದಿತ್ತು. ಯುದ್ಧದಲ್ಲಿ ಅದು ಆಸ್ಪತ್ರೆ ಹಡಗಾಗಿ ಓಡಾಡಿತ್ತು. ವಾಲ್‌ಚಂದ್ ಹೀರಾಚಂದ್ ಮತ್ತು ನರೋತ್ತಮ್ ಮೊರಾರ್ಜಿ ಮುಂತಾದವರು ಸೇರಿ ಅದನ್ನು ಕೊಂಡರು, ಒಂದು ಕಂಪನಿ ಕಟ್ಟಿದರು, ಅದಕ್ಕೆ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಅಂತ ಹೆಸರಿಟ್ಟರು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬೈನಿಂದ ಲಂಡನ್ನಿಗೆ ಹೊರಟಿತು. ನಾವು ಇವತ್ತು ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸುವುದು ಅದರ ನೆನಪಿಗೇ. ಮುಂದೆ ಈ ಕಂಪನಿ ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಯಾರ್ಡ್ ಹಾಕಿತು. ಯಾರ್ಡ್ ಸರ್ಕಾರದ ಕೈಗೆ ಹೋಗಿ, ಹೆಸರು ಹಿಂದೂಸ್ತಾನ್ ಶಿಪ್‌ಯಾರ್ಡ್ ಅಂತ ಬದಲಾಗಿ ಎಪ್ಪತ್ತು ವರ್ಷ ದಾಟಿದೆ. ಊರಿನವರ ಬಾಯಲ್ಲಿ ಮಾತ್ರ ಆ ಜಾಗ ಇನ್ನೂ ಸಿಂಧಿಯಾ.

ವಾಲ್‌ಚಂದ್ ಸೊಲ್ಲಾಪುರದವರು. ನಮ್ಮ ಗಡಿಯಿಂದ ಸ್ವಲ್ಪ ಆಚೆ, ಇವತ್ತಿಗೂ ಬೀದಿಯಲ್ಲಿ ಕನ್ನಡ ಕೇಳಿಸುವ ಊರು. ರೈಲ್ವೆ ಕಂಟ್ರಾಕ್ಟರ್ ಆಗಿದ್ದವರು, ಭೋರ್ ಘಾಟಿನಲ್ಲಿ ಸುರಂಗ ಕೊರೆಸಿದವರು. ಈ ದೇಶದಲ್ಲಿ ಹಡಗು, ವಿಮಾನ, ಕಾರು ಮೂರೂ ತಯಾರಾಗಬೇಕು ಅಂತ ಹಟ ಹಿಡಿದವರು. ವಿಮಾನದ ಕಾರ್ಖಾನೆ ನಮಗೆಲ್ಲ ಗೊತ್ತಿರುವುದೇ. 1940ರ ಡಿಸೆಂಬರಿನಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರದ ಜಾಗ ಮತ್ತು ಪಾಲುಬಂಡವಾಳದ ಜೊತೆ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್. ಅದಾಗಿ ಆರೇ ತಿಂಗಳಿಗೆ, 1941ರ ಜೂನ್ 21ರಂದು, ವಿಶಾಖಪಟ್ಟಣದ ಯಾರ್ಡಿಗೆ ಬಾಬು ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು.

ಒಬ್ಬನೇ ಅಪ್ಪ, ಆರು ತಿಂಗಳ ಅಂತರದಲ್ಲಿ ಎರಡು ಮಕ್ಕಳು. ಎರಡನ್ನೂ ಕೊನೆಗೆ ಸರ್ಕಾರವೇ ದತ್ತು ತೆಗೆದುಕೊಂಡಿತು. ಒಂದು ದೇಶದ ದೊಡ್ಡ ಕಂಪನಿಗಳಲ್ಲಿ ಒಂದಾಯಿತು. ಇನ್ನೊಂದು ದಶಕಗಟ್ಟಲೆ ನಷ್ಟದಲ್ಲಿ ನರಳಿತು, ಮುಚ್ಚಿಬಿಡಬೇಕು ಅನ್ನುವ ಮಾತೂ ಬಂತು. ಯಾಕೆ ಹೀಗಾಯಿತು? ಈ ಪ್ರಕರಣದಲ್ಲಿ ನಾನು ಹುಡುಕುತ್ತಿರುವುದು ಅದನ್ನೇ.

ಜಾಗ ಸಿಕ್ಕಿದ್ದು

ವಾಲ್‌ಚಂದ್ ಮೊದಲು ಕೇಳಿದ್ದು ಕಲ್ಕತ್ತೆಯಲ್ಲಿ. ಅಲ್ಲಿ ಬೇಕಾದಂಥ ಜಾಗ ಸಿಗಲಿಲ್ಲ. ಕರಾವಳಿಯ ಹಡಗು ವ್ಯಾಪಾರವೆಲ್ಲ ಬ್ರಿಟಿಷ್ ಕಂಪನಿಗಳ ಕೈಯಲ್ಲಿದ್ದ ಕಾಲ ಅದು. ಸಿಂಧಿಯಾ ಕಂಪನಿ ಬಾಡಿಗೆ ಇಳಿಸಿದರೆ ಅವರು ಇನ್ನೂ ಇಳಿಸುತ್ತಿದ್ದರು. ಅಂಥವರ ಮುಂದೆ ನಾವೇ ಹಡಗು ಕಟ್ಟುತ್ತೇವೆ ಅಂದರೆ ಯಾರು ಕೈ ಹಿಡಿಯುತ್ತಾರೆ?

ವಿಶಾಖಪಟ್ಟಣ ಆಗಿನ್ನೂ ಹೊಸ ಬಂದರು. 1933ರಲ್ಲಿ ಶುರುವಾದದ್ದು. ಸಮುದ್ರಕ್ಕೆ ಮೂಗು ಚಾಚಿದಂತೆ ನಿಂತ ಡಾಲ್ಫಿನ್ಸ್ ನೋಸ್ ಗುಡ್ಡ, ಅದರ ಹಿಂದೆ ಒಳಕ್ಕೆ ಹೋಗುವ ಕಾಲುವೆ, ಕಾಲುವೆಯ ಒಳಗೆ ಅಲೆಯಿಲ್ಲದ ನೀರು. ಬಾಯಿಯಲ್ಲಿ ಮರಳು ತುಂಬುವುದನ್ನು ತಡೆಯಲು ಎರಡು ಹಳೇ ಹಡಗುಗಳನ್ನು ಬೇಕಂತಲೇ ಮುಳುಗಿಸಿ ಒಡ್ಡು ಮಾಡಿದ್ದರು. ಹಡಗು ಕಟ್ಟುವವರಿಗೆ ಇಂಥ ಜಾಗ ಚಿನ್ನ. ಗಾಳಿ, ಅಲೆಯಿಂದ ರಕ್ಷಣೆ ಇದೆ, ಕಟ್ಟಿ ಮುಗಿದ ಮೇಲೆ ಕಾಲುವೆ ದಾಟಿದರೆ ನೇರ ಬಂಗಾಳಕೊಲ್ಲಿ.

ಆದರೆ ಕಾಲ ಕೂಡಿಬರಲಿಲ್ಲ. ಅಡಿಗಲ್ಲು ಬಿದ್ದು ಒಂದು ವರ್ಷವೂ ಆಗಿರಲಿಲ್ಲ, 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಬಂದು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದವು. ಕೆಲಸ ನಿಂತಿತು. ಯಂತ್ರಗಳನ್ನು ಮುಂಬೈಗೆ ಸಾಗಿಸಿದರು. ಅದೇ ತಿಂಗಳು ಬೆಂಗಳೂರಿನಲ್ಲಿ ಆದದ್ದೇ ಬೇರೆ. ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡು ವಿಮಾನ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಮುಂದೆ ಅಮೆರಿಕದ ವಾಯುಪಡೆಗೆ ಅದು ರಿಪೇರಿ ಕೇಂದ್ರವಾಯಿತು. ಯುದ್ಧದಲ್ಲಿ ಬ್ರಿಟಿಷರಿಗೆ ತಕ್ಷಣ ಬೇಕಿದ್ದದ್ದು ವಿಮಾನ ರಿಪೇರಿ. ಹಡಗು ಕಟ್ಟಲು ವರ್ಷಗಳು ಹಿಡಿಯುತ್ತವೆ, ಅದಕ್ಕೆ ಅವರು ಆಸಕ್ತಿ ತೋರಿಸಲಿಲ್ಲ.

ಈ ಒಂದು ತಿಂಗಳನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಬೆಂಗಳೂರಿನ ಕಾರ್ಖಾನೆಗೆ ಹುಟ್ಟಿದ ಎರಡೇ ವರ್ಷದೊಳಗೆ ಕಾಯಂ ಗಿರಾಕಿ ಸಿಕ್ಕಿದ. ಮೊದಲು ಯುದ್ಧ, ಆಮೇಲೆ ಭಾರತೀಯ ವಾಯುಪಡೆ. ವಿಶಾಖಪಟ್ಟಣದ ಯಾರ್ಡಿಗೆ ಅಂಥ ಗಿರಾಕಿ ಸಿಗುವುದಕ್ಕೆ 2010ರವರೆಗೆ ಕಾಯಬೇಕಾಯಿತು.

ಜಲ ಉಷಾ

ಯುದ್ಧ ಮುಗಿದ ಮೇಲೆ ಯಂತ್ರಗಳು ವಾಪಸ್ ಬಂದವು. 1946ರ ಜೂನ್‌ನಲ್ಲಿ ಮೊದಲ ಹಡಗಿನ ಅಡಿಪಟ್ಟಿ, ಅಂದರೆ ಅದರ ಬೆನ್ನೆಲುಬಿನಂಥ ಕೀಲ್, ಇಟ್ಟರು. ಸಿಂಧಿಯಾದವರ ಹಡಗುಗಳಿಗೆ 'ಜಲ' ಅಂತ ಶುರುವಾಗುವ ಹೆಸರಿಡುವ ರೂಢಿ. ಇದಕ್ಕೆ ಜಲ ಉಷಾ ಅಂತಿಟ್ಟರು. 8,000 ಟನ್ ಸರಕು ಹೊರುವ ಉಗಿ ಹಡಗು. 1948ರ ಮಾರ್ಚ್ 14ರಂದು ನೆಹರೂ ಅದನ್ನು ನೀರಿಗಿಳಿಸಿದರು. ಸ್ವಾತಂತ್ರ್ಯ ಬಂದು ಏಳು ತಿಂಗಳಾಗಿತ್ತು ಅಷ್ಟೇ.

ಇಳಿಜಾರಿನ ಮೇಲೆ ಕಟ್ಟಿದ ಹಡಗನ್ನು ನೀರಿಗೆ ಬಿಡುವುದು ನೋಡುವವರಿಗೆ ಒಂದು ನಿಮಿಷದ ಆಟ. ಕಟ್ಟಿದವರಿಗೆ ಜೀವ ಬಾಯಿಗೆ ಬಂದಿರುತ್ತದೆ. ಅಲ್ಲಿಯವರೆಗೆ ಹಡಗಿನ ಸಾವಿರಾರು ಟನ್ ಭಾರ ನಡುಭಾಗದ ಮರದ ದಿಮ್ಮಿಗಳ ಮೇಲೆ ಕೂತಿರುತ್ತದೆ. ಎರಡೂ ಬದಿಯಲ್ಲಿ ನೀರಿನ ಕಡೆಗೆ ಇಳಿಜಾರಾದ ಮರದ ಹಾಸು. ಅದರ ಮೇಲೆ ಕೊಬ್ಬು, ಗ್ರೀಸು ದಪ್ಪವಾಗಿ ಬಳಿದು, ಮೇಲೆ ಜಾರುವ ತೊಟ್ಟಿಲು ಕೂರಿಸುತ್ತಾರೆ. ಆ ದಿನ ಬೆಳಿಗ್ಗೆ ಕೆಲಸಗಾರರು ಸಾಲಾಗಿ ನಿಂತು, ಒಂದೇ ತಾಳಕ್ಕೆ ಸುತ್ತಿಗೆ ಎತ್ತಿ ಬೆಣೆ ಹೊಡೆಯುತ್ತಾರೆ. ಬೆಣೆ ಒಳಹೋದಂತೆ ಹಡಗು ಕೂದಲೆಳೆಯಷ್ಟು ಮೇಲೇಳುತ್ತದೆ, ಭಾರ ದಿಮ್ಮಿಯಿಂದ ತೊಟ್ಟಿಲಿಗೆ ದಾಟುತ್ತದೆ. ಆಮೇಲೆ ದಿಮ್ಮಿಗಳನ್ನು ಒಂದೊಂದಾಗಿ ಹೊಡೆದು ತೆಗೆಯುತ್ತಾರೆ. ಕೊನೆಗೆ ಹಡಗನ್ನು ಹಿಡಿದು ನಿಲ್ಲಿಸಿರುವುದು ಕೆಲವು ಕೊಂಡಿಗಳು ಮಾತ್ರ. ಅವನ್ನು ಬಿಟ್ಟರೆ ಹಡಗು ಹಿಂಬದಿ ಮೊದಲಾಗಿ ಜಾರುತ್ತದೆ. ಗ್ರೀಸು ಬಿಸಿಯಾಗಿ ಹೊಗೆ ಏಳುತ್ತದೆ. ಹಿಂಭಾಗ ನೀರಲ್ಲಿ ತೇಲಲು ಶುರುವಾದಾಗ ನೀರು ಹೊರದೆ ಉಳಿದ ಭಾರವೆಲ್ಲ ಮುಂಭಾಗದ ಒಂದೇ ಜಾಗದ ಮೇಲೆ ಬೀಳುತ್ತದೆ. ಲೆಕ್ಕ ತಪ್ಪಿದರೆ ಅಲ್ಲೇ ಮುರಿಯುತ್ತದೆ. ನೀರಿಗೆ ಬಿದ್ದ ಮೇಲೆ ಆಚೆ ದಡಕ್ಕೆ ಹೋಗಿ ಬಡಿಯದಂತೆ ಭಾರದ ಸರಪಳಿಗಳ ರಾಶಿ ಅದನ್ನು ಹಿಂದಕ್ಕೆಳೆದು ನಿಲ್ಲಿಸಬೇಕು.

ಇದನ್ನೆಲ್ಲ ಆಗಷ್ಟೇ ಕಲಿತ ಜನ ಮಾಡಿದರು. ಅವರಲ್ಲಿ ಎಷ್ಟೋ ಜನ ಅದಕ್ಕೆ ಮುಂಚೆ ಇಷ್ಟು ದೊಡ್ಡ ಉಕ್ಕಿನ ಹಡಗು ಕಟ್ಟುವುದನ್ನು ನೋಡಿಯೇ ಇರಲಿಲ್ಲ. ನನಗೆ ಇದು ನಿಜವಾದ ಸಾಹಸ ಅನ್ನಿಸುತ್ತದೆ.

ಇಂಗ್ಲೆಂಡಿನ ರೇಟು

ಸಾಹಸ ಆಯಿತು, ಲೆಕ್ಕ ಕೂಡಲಿಲ್ಲ. ಎಂಜಿನ್ನು ಹೊರಗಿನದು, ಎಷ್ಟೋ ಸಾಮಾನು ಹೊರಗಿನದು, ಕೆಲಸಗಾರರು ಹೊಸಬರು. ಹೀಗಾಗಿ ವಿಶಾಖಪಟ್ಟಣದ ಹಡಗಿನ ಬೆಲೆ ಬ್ರಿಟನ್ನಿನ ಹಡಗಿಗಿಂತ ಜಾಸ್ತಿಯಾಯಿತು. ಆರ್ಡರ್ ಕಡಿಮೆಯಾದವು. ಯಾರ್ಡ್ ಖಾಲಿ ಬೀಳುವ ಸ್ಥಿತಿ ಬಂತು. ಕೊನೆಗೆ ಸರ್ಕಾರ ಒಳಗೆ ಬಂತು. 1952ರ ಜನವರಿಯಲ್ಲಿ ಹಿಂದೂಸ್ತಾನ್ ಶಿಪ್‌ಯಾರ್ಡ್ ಲಿಮಿಟೆಡ್ ಹುಟ್ಟಿತು. ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸಿಂಧಿಯಾದ್ದು. ಮರುವರ್ಷ, 1953ರ ಏಪ್ರಿಲ್ 8ರಂದು, ವಾಲ್‌ಚಂದ್ ತೀರಿಕೊಂಡರು. 1961ರಲ್ಲಿ ಉಳಿದ ಪಾಲೂ ಸರ್ಕಾರಕ್ಕೆ ಹೋಯಿತು.

ಸರ್ಕಾರ ಮಾಡಿದ ಏರ್ಪಾಡನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಗಂಟು ಬಿದ್ದದ್ದು ಇಲ್ಲೇ. ಅಂಥದೇ ಹಡಗು ಇಂಗ್ಲೆಂಡಿನಲ್ಲಿ ಕಟ್ಟಿಸಿದರೆ ಎಷ್ಟಾಗುತ್ತದೋ ಅಷ್ಟು ಮಾತ್ರ ಹಡಗಿನ ಮಾಲೀಕ ಕೊಡಬೇಕು. ಮೇಲಿನ ಖರ್ಚು ಸರ್ಕಾರದ ಸಬ್ಸಿಡಿ. ಉದಾಹರಣೆಗೆ ಅಲ್ಲಿ 100 ರೂಪಾಯಿಗೆ ಸಿಗುವುದು ಇಲ್ಲಿ 130 ಆಯಿತು ಅಂದುಕೊಳ್ಳಿ. ಮಾಲೀಕ 100 ಕೊಡುತ್ತಾನೆ, ಸರ್ಕಾರ 30 ಕೊಡುತ್ತದೆ.

ಹೊಸ ಉದ್ಯಮವನ್ನು ಕಾಪಾಡಲು ಇದು ಬೇಕಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಹಡಗು ಉದ್ಯಮ ಬೆಳೆಸಿದ ದೇಶಗಳೆಲ್ಲ ಒಂದಲ್ಲ ಒಂದು ರೀತಿ ಸಹಾಯ ಕೊಟ್ಟೇ ಬೆಳೆಸಿದವು. ಆದರೆ ಅಳತೆಗೋಲು ನಮ್ಮದಾಗಿರಲಿಲ್ಲ. 1950ರ ದಶಕದ ಮಧ್ಯದಲ್ಲೇ ಜಪಾನ್ ಬ್ರಿಟನ್ನನ್ನು ಹಿಂದೆ ಹಾಕಿತು. 1970ರ ದಶಕದಲ್ಲಿ ಕೊರಿಯಾ ಬಂತು. ಜಗತ್ತಿನ ಬೆಲೆ ಇಳಿಯುತ್ತಾ ಹೋದಂತೆ ನಮ್ಮ ಯಾರ್ಡಿಗೆ ಸಿಗುವ ಬೆಲೆಯೂ ಇಳಿಯಿತು, ಖರ್ಚು ಮಾತ್ರ ಇಳಿಯಲಿಲ್ಲ. ಗಿರಾಕಿಗಳು ಯಾರು? ಮುಖ್ಯವಾಗಿ ಸಿಂಧಿಯಾ, ಆಮೇಲೆ 1961ರಲ್ಲಿ ಹುಟ್ಟಿದ ಶಿಪ್ಪಿಂಗ್ ಕಾರ್ಪೊರೇಷನ್. ಹಡಗಿನ ಬಾಡಿಗೆ ಚೆನ್ನಾಗಿದ್ದಾಗ ಅವರಿಗೆ ಹಡಗು ಬೇಗ ಬೇಕು, ಹೊರಗಿನಿಂದ ತರುತ್ತಾರೆ. ಬಾಡಿಗೆ ಬಿದ್ದಾಗ ಯಾರಿಗೂ ಹಡಗು ಬೇಡ. ಯಾರ್ಡಿನ ಕೆಲಸಗಾರರಿಗೆ ಮಾತ್ರ ತಿಂಗಳು ತಿಂಗಳು ಸಂಬಳ ಕೊಡಲೇಬೇಕು, ಅಲ್ವಾ?

ನೌಕಾಪಡೆ ಏನು ಮಾಡುತ್ತಿತ್ತು ಅಂತ ಕೇಳಬಹುದು. ಸಮೀಕ್ಷೆ ಹಡಗು ಐಎನ್‌ಎಸ್ ದರ್ಶಕ್ ಇಲ್ಲೇ ಕಟ್ಟಿಸಿತು, 1964ರಲ್ಲಿ ಸೇವೆಗೆ ಬಂತು. ಆದರೆ 1960ರಲ್ಲಿ ಸರ್ಕಾರ ಮುಂಬೈನ ಮಝಗಾಂವ್ ಡಾಕ್ ಮತ್ತು ಕಲ್ಕತ್ತೆಯ ಗಾರ್ಡನ್ ರೀಚ್ ಯಾರ್ಡುಗಳನ್ನು ಕೊಂಡಿತು. ಯುದ್ಧನೌಕೆಗಳ ಕೆಲಸ ಆ ಕಡೆ ಹೋಯಿತು. 1972ರಲ್ಲಿ ಮಝಗಾಂವ್‌ನಿಂದ ಐಎನ್‌ಎಸ್ ನೀಲಗಿರಿ ಹೊರಬಂತು, ಆಮೇಲೆ ಒಂದರ ಹಿಂದೆ ಒಂದು. ಒಂದೇ ನಮೂನೆಯ ಹಡಗನ್ನು ಸಾಲಾಗಿ ಕಟ್ಟಿದಾಗ ಯಾರ್ಡ್ ಕಲಿಯುತ್ತದೆ. ಎರಡನೆಯದರಲ್ಲಿ ಮೊದಲನೆಯದರ ತಪ್ಪು ಇರುವುದಿಲ್ಲ, ಮೂರನೆಯದಕ್ಕೆ ಸಮಯ ಕಡಿಮೆ ಸಾಕು. ವಿಶಾಖಪಟ್ಟಣಕ್ಕೆ ಆ ಸಾಲು ಸಿಕ್ಕಿದ್ದು ಕಡಿಮೆ. ಒಮ್ಮೆ ಸರಕು ಹಡಗು, ಒಮ್ಮೆ ತೈಲ ಕಂಪನಿಗೆ ಬೇಕಾದದ್ದು, ಒಮ್ಮೆ ಬಂದರಿನ ಸಣ್ಣ ದೋಣಿ.

ಇನ್ನೊಂದು ವಿಚಿತ್ರ. ಅದೇ ಊರಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬಂತು. ಆದರೆ ಅಲ್ಲಿ ತಯಾರಾಗುವುದು ಕಂಬಿ, ಸರಳು, ತಂತಿ. ಹಡಗಿಗೆ ಬೇಕಾದದ್ದು ತಗಡು ಹಲಗೆ, ಅಂದರೆ ಪ್ಲೇಟು. ಪಕ್ಕದಲ್ಲೇ ಉಕ್ಕು ಕಾಯುತ್ತಿದ್ದರೂ ಯಾರ್ಡು ಪ್ಲೇಟಿಗೆ ದೂರದ ಕಾರ್ಖಾನೆಗಳ ದಾರಿ ನೋಡಬೇಕು.

ತಡ ಆದರೆ ಏನಾಗುತ್ತದೆ

ಹಡಗು ಕಟ್ಟುವವರಲ್ಲಿ 1-3-8 ಅನ್ನುವ ಒಂದು ಲೆಕ್ಕ ಇದೆ. ಶೆಡ್ಡಿನಲ್ಲಿ ಒಂದು ಗಂಟೆಯಲ್ಲಿ ಆಗುವ ಕೆಲಸ, ಹಡಗಿನ ಭಾಗಗಳನ್ನು ಜೋಡಿಸುವಾಗ ಮಾಡಿದರೆ ಮೂರು ಗಂಟೆ. ಹಡಗು ನೀರಿಗಿಳಿದ ಮೇಲೆ ಮಾಡಿದರೆ ಎಂಟು ಗಂಟೆ. ಯಾಕೆ ಅಂತ ಒಂದು ಪೈಪನ್ನು ನೆನೆಸಿಕೊಂಡರೆ ಗೊತ್ತಾಗುತ್ತದೆ. ಶೆಡ್ಡಿನಲ್ಲಿ ಭಾಗವನ್ನು ತಲೆಕೆಳಗು ಮಾಡಿ ಇಟ್ಟಿರುತ್ತಾರೆ. ಚಾವಣಿಯ ಪೈಪು ನೆಲದ ಮೇಲೆ ಮಲಗಿದಂತೆ ಇರುತ್ತದೆ, ವೆಲ್ಡರ್ ಕೂತು ಆರಾಮಾಗಿ ಬೆಸುಗೆ ಹಾಕುತ್ತಾನೆ. ಅದೇ ಪೈಪನ್ನು ನೀರಲ್ಲಿ ತೇಲುವ ಹಡಗಿನೊಳಗೆ ಹಾಕಬೇಕಾದರೆ ಕಿರಿದಾದ ಏಣಿ ಇಳಿದು, ಕತ್ತಲಲ್ಲಿ ದೀಪ ಹಿಡಿದು, ಹೊಗೆ ಎಳೆಯುವ ಫ್ಯಾನ್ ಹಾಕಿ, ಮಲಗಿಕೊಂಡು ತಲೆಯ ಮೇಲೆ ಬೆಸುಗೆ ಹಾಕಬೇಕು, ಕಿಡಿ ಮುಖದ ಮೇಲೇ ಬೀಳುತ್ತದೆ.

ಈಗ ದುಡ್ಡಿನ ಕಡೆ ನೋಡಿ. ಹಡಗಿನ ಹಣ ಹಂತಹಂತವಾಗಿ ಬರುತ್ತದೆ. ಒಪ್ಪಂದಕ್ಕೆ ಇಷ್ಟು, ಅಡಿಪಟ್ಟಿ ಇಟ್ಟಾಗ ಇಷ್ಟು, ನೀರಿಗಿಳಿಸಿದಾಗ ಇಷ್ಟು, ಕೊನೆಗೆ ಒಪ್ಪಿಸಿದಾಗ ಉಳಿದದ್ದು. ಕೈಯಲ್ಲಿ ಕಾಸಿಲ್ಲದ ಯಾರ್ಡಿಗೆ ಒಂದು ಆಸೆ ಹುಟ್ಟುತ್ತದೆ. ಒಳಗಿನ ಕೆಲಸ ಮುಗಿಯದಿದ್ದರೂ ಬೇಗ ನೀರಿಗಿಳಿಸೋಣ, ಆ ಕಂತು ಬರಲಿ. ಕಂತು ಬರುತ್ತದೆ. ಉಳಿದ ಕೆಲಸ ಎಂಟು ಪಟ್ಟು ದುಬಾರಿಯಾಗುತ್ತದೆ. ಹಡಗು ಜೆಟ್ಟಿಯಲ್ಲಿ ಕೂತು ಎಂಜಿನ್ನಿಗೋ ಪಂಪಿಗೋ ಕಾಯುತ್ತದೆ. ಬಡ್ಡಿ ಏರುತ್ತದೆ, ತಳಕ್ಕೆ ಚಿಪ್ಪು ಹತ್ತುತ್ತದೆ, ತಡಕ್ಕೆ ದಂಡ ಬೀಳುತ್ತದೆ. ಆ ನಷ್ಟ ತುಂಬಲು ಮುಂದಿನ ಹಡಗಿನ ಮುಂಗಡ ಖರ್ಚಾಗುತ್ತದೆ. ನಷ್ಟದಲ್ಲಿರುವ ಯಾವ ಯಾರ್ಡಾದರೂ ಸಿಕ್ಕಿಬೀಳುವ ಸುಳಿ ಇದು. ಹಿಂದೂಸ್ತಾನ್ ಶಿಪ್‌ಯಾರ್ಡ್ 1980, 1990ರ ದಶಕಗಳಲ್ಲಿ ನಷ್ಟದ ಮೇಲೆ ನಷ್ಟ ಕಂಡು, ಆಸ್ತಿಗಿಂತ ಸಾಲವೇ ಜಾಸ್ತಿ ಅನ್ನುವ ಮಟ್ಟಕ್ಕೆ ಬಂದದ್ದನ್ನು ಕೆಲಸಗಾರರ ಸೋಮಾರಿತನ ಅಂತ ಒಂದೇ ಮಾತಲ್ಲಿ ಮುಗಿಸುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಲ್ಲಿ ಸೌಕರ್ಯ ಇರಲಿಲ್ಲ ಅಂತಲೂ ಅಲ್ಲ. ಮಳೆ ಬಿಸಿಲಿನಿಂದ ಕಾಪಾಡುವ ಚಾವಣಿ ಇರುವ, 240 ಮೀಟರ್ ಉದ್ದದ ಕಟ್ಟುವ ಡಾಕ್ ಅಲ್ಲಿದೆ. ಅದಕ್ಕೆ ಬಿಡದೆ ಕೆಲಸ ಕೊಡುವವರು ಇರಲಿಲ್ಲ.

ರಕ್ಷಣಾ ಇಲಾಖೆಗೆ

2010ರ ಫೆಬ್ರವರಿಯಲ್ಲಿ ಯಾರ್ಡನ್ನು ಹಡಗು ಖಾತೆಯಿಂದ ರಕ್ಷಣಾ ಖಾತೆಗೆ ವರ್ಗಾಯಿಸಿದರು. ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ, ಅದನ್ನೂ ಹೇಳಬೇಕು.

ಜಲಾಂತರ್ಗಾಮಿ ಸಿಂಧುಕೀರ್ತಿಯದೇ ಒಂದು ಕಥೆ. 1990ರಲ್ಲಿ ಸೇವೆಗೆ ಸೇರಿದ ರಷ್ಯನ್ ನಮೂನೆಯ ಜಲಾಂತರ್ಗಾಮಿ. 2006ರಲ್ಲಿ ದೊಡ್ಡ ರಿಪೇರಿಗೆ ಈ ಯಾರ್ಡಿಗೆ ಬಂತು. ಹೊರಗೆ ಹೋದದ್ದು 2015ರಲ್ಲಿ. ಮೊದಲ 25 ವರ್ಷಗಳಲ್ಲಿ 9 ವರ್ಷ ರಿಪೇರಿಯಲ್ಲೇ ಕಳೆಯಿತು. ನೌಕಾಪಡೆಯ ಹತ್ತಿರ ಜಲಾಂತರ್ಗಾಮಿಗಳೇ ಕಡಿಮೆ ಇದ್ದ ಹೊತ್ತಲ್ಲಿ ಒಂದು ಹೀಗೆ ಕೂತಿತ್ತು. ಸರಕು ಹಡಗಿನಲ್ಲಿ ಒಬ್ಬ ಮನುಷ್ಯ ನಿಂತು ಕೆಲಸ ಮಾಡಬಹುದು. ಜಲಾಂತರ್ಗಾಮಿಯೊಳಗೆ ಒಂದು ಕೇಬಲ್ ತೆಗೆಯಲು ಅದರ ಮುಂದಿನ ಹತ್ತು ವಸ್ತು ತೆಗೆಯಬೇಕು. ಬಿಚ್ಚುವುದು ಸುಲಭ, ಬಿಡಿಭಾಗ ಬರುವವರೆಗೆ ಮುಚ್ಚುವಂತಿಲ್ಲ.

ಅದರ ನಡುವೆ 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರ ವಿಶಾಖಪಟ್ಟಣಕ್ಕೇ ಬಡಿಯಿತು. ಶೆಡ್ಡುಗಳ ಚಾವಣಿ ಹಾರಿಹೋದವು.

ಆದರೂ ತಿರುವು ಅಲ್ಲಿಂದಲೇ ಕಾಣುತ್ತದೆ. 2015-16ರಲ್ಲಿ ಯಾರ್ಡ್ ಲಾಭ ಕಂಡಿತು. ಸಿಂಧುಕೀರ್ತಿಯ ಪಾಠ ವ್ಯರ್ಥ ಆಗಲಿಲ್ಲ. ಅದೇ ನಮೂನೆಯ ಸಿಂಧುವೀರ್ ಬಂದಾಗ ರಿಪೇರಿ ಎಷ್ಟೋ ಬೇಗ ಮುಗಿಯಿತು, 2020ರಲ್ಲಿ ಭಾರತ ಅದನ್ನು ಮ್ಯಾನ್ಮಾರ್ ನೌಕಾಪಡೆಗೆ ಕೊಟ್ಟಿತು. ಕ್ಷಿಪಣಿಗಳ ಜಾಡು ಹಿಡಿಯುವ 175 ಮೀಟರ್ ಉದ್ದದ ಐಎನ್‌ಎಸ್ ಧ್ರುವ ಇದೇ ಚಾವಣಿಯ ಕೆಳಗೆ, ಹೊರಗಿನವರಿಗೆ ಹೆಚ್ಚು ಸುಳಿವಿಲ್ಲದೆ ತಯಾರಾಗಿ, 2021ರ ಸೆಪ್ಟೆಂಬರಿನಲ್ಲಿ ಸೇವೆಗೆ ಬಂತು.

ಈ ಹೊತ್ತಿನ ಕಥೆ ಹೇಳುವಾಗ 2020ರ ಆಗಸ್ಟ್ 1ನ್ನು ಬಿಡುವ ಹಾಗಿಲ್ಲ. 70 ಟನ್ ಎತ್ತುವ ಕ್ರೇನಿಗೆ ಭಾರ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಕ್ರೇನ್ ಕುಸಿದು ಬಿತ್ತು. 11 ಜನ ಸತ್ತರು. ಅವರಲ್ಲಿ ಯಾರ್ಡಿನವರೂ ಇದ್ದರು, ಗುತ್ತಿಗೆ ಕೆಲಸಗಾರರೂ ಇದ್ದರು. ಯಾರ್ಡಿನ ಏಳುಬೀಳನ್ನು ಟನ್ನು, ಕೋಟಿಗಳಲ್ಲಿ ಅಳೆಯುವಾಗ ಆ ಮನೆಗಳ ನೆನಪು ಇರಲೇಬೇಕು.

ಹಾಗಾದರೆ ಕಾಯಂ ಗಿರಾಕಿ ಸಿಕ್ಕಿದ್ದರಿಂದ ತಡ ಅನ್ನುವ ರೋಗ ವಾಸಿಯಾಯಿತೇ? ಪೂರ್ತಿ ಇಲ್ಲ. ಆಳಸಮುದ್ರದ ಮುಳುಗುಗಾರರಿಗೆ, ಆಪತ್ತಿಗೆ ಸಿಕ್ಕಿದ ಜಲಾಂತರ್ಗಾಮಿಯಿಂದ ಜನರನ್ನು ಕಾಪಾಡುವುದಕ್ಕೆ ಬೇಕಾದ ಐಎನ್‌ಎಸ್ ನಿಸ್ತಾರ್ ಒಪ್ಪಂದ ಆದದ್ದು 2018ರಲ್ಲಿ. ನೀರಿಗಿಳಿದದ್ದು 2022ರಲ್ಲಿ. ಸೇವೆಗೆ ಸೇರಿದ್ದು 2025ರ ಜುಲೈ 18ರಂದು. ಏಳು ವರ್ಷ. ಭಾರತದಲ್ಲಿ ಯಾರೂ ಮುಂಚೆ ಕಟ್ಟದ ನಮೂನೆ ಅನ್ನುವುದು ನಿಜ. ಆದರೂ ಏಳು ವರ್ಷ ಜಾಸ್ತಿಯೇ. ವ್ಯತ್ಯಾಸ ಇರುವುದು ಒಂದರಲ್ಲಿ. ಹಿಂದೆ ಹೀಗೆ ತಡವಾದರೆ ಯಾರ್ಡೇ ಮುಳುಗುತ್ತಿತ್ತು. ಈಗ ಮುಂದಿನ ಕೆಲಸ ಕೈಯಲ್ಲಿದೆ, ಜನ ಕಲಿಯುತ್ತಾ ಹೋಗುವುದಕ್ಕೆ ಸಮಯ ಇದೆ. ಸರ್ಕಾರಿ ಕಂಪನಿಗಳಿಗೆ ಕೊಡುವ ಮಿನಿರತ್ನ ಸ್ಥಾನವೂ ಯಾರ್ಡಿಗೆ ಸಿಕ್ಕಿದೆ.

ನನ್ನ ಉತ್ತರ ಇದು. ಬೆಂಗಳೂರಿನ ಮಗುವಿಗೆ ಊಟ ಹಾಕುವವರು ಎಳೆತನದಲ್ಲೇ ಸಿಕ್ಕಿದರು. ಎಚ್‌ಎಎಲ್ ಕೂಡ ತಡ ಮಾಡಿದೆ, ಬೈಸಿಕೊಂಡಿದೆ, ಆದರೆ ತಡ ಮಾಡಿಯೂ ಕಲಿಯುವ ಅವಕಾಶ ಅದಕ್ಕಿತ್ತು. ವಿಶಾಖಪಟ್ಟಣದ ಮಗುವನ್ನು ಅರ್ಧ ಮಾರುಕಟ್ಟೆಗೆ, ಅರ್ಧ ಸಬ್ಸಿಡಿಗೆ ಬಿಟ್ಟು ಎರಡೂ ಕಡೆಯಿಂದ ದೂರಿದರು. ಸರ್ಕಾರ ಯಾರ್ಡನ್ನು ಕೊಂಡಿತು, ಅದಕ್ಕೆ ಬೇಕಾದ ಹಡಗಿನ ಸಾಲನ್ನು ಕೊಡಲಿಲ್ಲ.

ಆ ಸಾಲು ಈಗ ಬಂದಿದೆ. 2023ರ ಆಗಸ್ಟಿನಲ್ಲಿ ನೌಕಾಪಡೆಗೆ ಐದು ಫ್ಲೀಟ್ ಸಪೋರ್ಟ್ ಹಡಗುಗಳನ್ನು ಕಟ್ಟುವ ಸುಮಾರು 19,000 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಸಮುದ್ರದ ನಡುವೆ ಯುದ್ಧನೌಕೆಗಳಿಗೆ ಇಂಧನ, ನೀರು, ಆಹಾರ, ಮದ್ದುಗುಂಡು ಕೊಡುವ ಹಡಗುಗಳು. ಒಂದೊಂದೂ 44,000 ಟನ್. ಐದೂ ಒಂದೇ ನಮೂನೆ. ಎಲ್ಲವನ್ನೂ ತಾನೇ ಕಟ್ಟುತ್ತೇನೆ ಅಂತ ಕೂರದೆ ಎರಡನ್ನು ಚೆನ್ನೈ ಹತ್ತಿರದ ಕಾಟ್ಟುಪಳ್ಳಿಯ ಎಲ್ ಆಂಡ್ ಟಿ ಯಾರ್ಡಿಗೆ ವಹಿಸಿದೆ. 2024ರ ಏಪ್ರಿಲ್‌ನಲ್ಲಿ ಮೊದಲ ಹಡಗಿನ ಉಕ್ಕು ಕತ್ತರಿಸುವ ಕೆಲಸ ಶುರುವಾಯಿತು. 2027ರಲ್ಲಿ ಅದನ್ನು ಒಪ್ಪಿಸಬೇಕು ಅನ್ನುವುದು ಒಪ್ಪಂದದ ಗುರಿ. ಹಡಗಿನ ಉದ್ದ ಸುಮಾರು 230 ಮೀಟರ್. ಯಾರ್ಡಿನ ಆ ಚಾವಣಿ ಇರುವ ಡಾಕ್ 240 ಮೀಟರ್.